ದುಡಿಯುವ ಮೈ ಮತ್ತು ಉಪಕರಣ: ರಾಮನಗರ ಸೀಮೆಯ ಕಸುಬುಗಳನ್ನು ಕುರಿತು ಕೆಲವು ವಿಚಾರಗಳು

'ಎರ್ಗೊನಾಮಿಕ್ಸ್' ಎಂಬ ಶಾಸ್ತ್ರದ ಹೆಸರು ಈಚೆಗೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿಯೂ ಆಗಾಗ್ಗೆ ಕೇಳಿಬರುತ್ತಿದೆ. ಗ್ರೀಕ್ ಭಾಷೆಯಲ್ಲಿ 'ಎರ್ಗೊನ್' ಎಂದರೆ ಕೆಲಸ, 'ನೊಮೋಸ್' ಎಂದರೆ ನಿಯಮ. ಪೋಲೆಂಡಿನ ಯಾಸ್ಟ್ರೆಂಬೊವ್ಸ್ಕಿ ಎಂಬ ವಿದ್ವಾಂಸನು ೧೮೫೭ರಲ್ಲಿ ಈ ಎರಡು ಪದಗಳನ್ನು ಜೋಡಿಸಿ ಹೊಸ ಹೆಸರೊಂದನ್ನು ಕಟ್ಟಿದನು. ಅದು ಬಹುಕಾಲ ಮರೆತುಹೋಗಿದ್ದು, ೧೯೪೯ರಲ್ಲಿ ಇಂಗ್ಲೆಂಡಿನ ಮರೆಲ್ ಎಂಬವನಿಂದ ಪುನಃ ಬಳಕೆಗೆ ಬಂದಿತು. ಕನ್ನಡದಲ್ಲಿ ಇದನ್ನು 'ದಕ್ಷತಾಶಾಸ್ತ್ರ' ಎಂದು ಕರೆಯುವ ರೂಢಿ ಕಾಣುತ್ತಿದೆ. ದಕ್ಷತೆಯೆಂಬುದು ಯಂತ್ರಕ್ಕೂ ಸಲ್ಲುವ ಗುಣವಾದುದರಿಂದ, ಆ ಹೆಸರಿನಲ್ಲಿ ದುಡಿಯುವ ಮನುಷ್ಯನು ಮರೆಯಾಗುತ್ತಾನೆಂದು ನನ್ನ ಅಭಿಪ್ರಾಯ. ಆದುದರಿಂದ ಪ್ರಕೃತ ಲೇಖನದಲ್ಲಿ 'ಶ್ರಮಶಾಸ್ತ್ರ' ಎಂಬ ಮಾತನ್ನು ಬಳಸಿದೆ.

ಈ ಶಾಸ್ತ್ರದ ಮೂಲತತ್ತ್ವ ಸರಳವಾದುದು. ಉಪಕರಣಕ್ಕೆ ತಕ್ಕಂತೆ ಮನುಷ್ಯನು ಬಾಗುವುದರ ಬದಲು ಮನುಷ್ಯನ ಮೈಗೆ, ಕಣ್ಣಿಗೆ, ಗಮನಶಕ್ತಿಗೆ ತಕ್ಕಂತೆ ಉಪಕರಣವು ರೂಪುಗೊಳ್ಳಬೇಕು. ಇಟಲಿಯ ವೈದ್ಯ ರಾಮಾಜಿನಿಯು ೧೭೦೦ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿ, ರೋಗಿಯನ್ನು ಕೇಳುವ ಪ್ರಶ್ನೆಗಳಲ್ಲಿ 'ನಿನ್ನ ಕಸುಬೇನು?' ಎಂಬುದೂ ಸೇರಬೇಕೆಂದು ಬರೆದಾಗಲೇ ಇದರ ಬೀಜ ಬಿದ್ದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-೧೭ ವಿಮಾನಗಳ ಚಾಲಕರು ನೆಲಕ್ಕಿಳಿದ ಮೇಲೆ ರೆಕ್ಕೆಯ ಫಲಕಗಳನ್ನು ಸರಿಪಡಿಸುವ ಬದಲು ಚಕ್ರಗಳನ್ನೇ ಒಳಕ್ಕೆಳೆದುಕೊಂಡು ಅಪಘಾತಕ್ಕೀಡಾಗುತ್ತಿದ್ದರು. ಚಾಪಾನಿಸ್ ಎಂಬ ಮನಶ್ಶಾಸ್ತ್ರಜ್ಞನು ಪರೀಕ್ಷಿಸಿದಾಗ ಆ ಎರಡು ಹಿಡಿಗಳೂ ಒಂದೇ ಆಕಾರದವು, ಅಕ್ಕಪಕ್ಕದಲ್ಲಿಯೇ ಇದ್ದವು ಎಂಬುದು ತಿಳಿಯಿತು. ಒಂದಕ್ಕೆ ಚಕ್ರದ ಆಕಾರವನ್ನೂ ಇನ್ನೊಂದಕ್ಕೆ ಬೆಣೆಯ ಆಕಾರವನ್ನೂ ಕೊಟ್ಟಮೇಲೆ ತೊಡಕು ನಿವಾರಣೆಯಾಯಿತು. ಚಾಲಕನ ಅಜಾಗರೂಕತೆಯೆಂದು ಬರೆದಿಡಲಾಗಿದ್ದ ದೋಷವು ವಾಸ್ತವವಾಗಿ ಹಿಡಿಯ ರಚನೆಯಲ್ಲಿದ್ದಿತು.

ಅಮೆರಿಕದಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಹ್ಯೂಮನ್ ಫ್ಯಾಕ್ಟರ್ಸ್ ಸೊಸೈಟಿಯು ೧೯೯೨ರಲ್ಲಿ ತನ್ನ ಹೆಸರಿಗೆ 'ಎರ್ಗೊನಾಮಿಕ್ಸ್' ಎಂಬ ಪದವನ್ನೂ ಸೇರಿಸಿಕೊಂಡಿತು. ವಿಶ್ವವಿದ್ಯಾನಿಲಯಗಳಲ್ಲಿ ಇದರ ವಿದ್ಯಾರ್ಥಿ ಶಾಖೆಗಳಿವೆ. ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಉಪನ್ಯಾಸಗಳನ್ನು ಏರ್ಪಡಿಸುವುದು, ಕಾರ್ಖಾನೆಗಳನ್ನು ಸಂದರ್ಶಿಸುವುದು, ಕೆಲಸದ ಸ್ಥಳವನ್ನು ಅಳೆದು ನೋಡಿ ಸಲಹೆ ಕೊಡುವುದು ಇವುಗಳ ಸಾಮಾನ್ಯ ಕಾರ್ಯಕ್ರಮ. ಇಂಥ ಶಾಖೆಯೊಂದು ನಮ್ಮ ಸೀಮೆಯಲ್ಲಿ ಕಾರ್ಯೋನ್ಮುಖವಾದರೆ ಮೊದಲು ಎಲ್ಲಿಗೆ ಹೋಗಬೇಕು, ಏನನ್ನು ನೋಡಬೇಕು ಎಂಬ ಪ್ರಶ್ನೆಯನ್ನು ಇತಿಹಾಸದ ವಿದ್ಯಾರ್ಥಿಯಾಗಿ ನಾನು ಇಲ್ಲಿ ಎತ್ತಿಕೊಂಡಿದ್ದೇನೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ಒಂದೇ ಜಿಲ್ಲೆಯಾಗಿ ಕೂಡಿದವು. ಇಲ್ಲಿ ಮನೆಯೊಳಗಿನ ಕೈಗೆಲಸದಿಂದ ಮೋಟಾರುಗಾಡಿಯ ಕಾರ್ಖಾನೆಯವರೆಗೆ ಶ್ರಮದ ಎಲ್ಲ ಮಜಲುಗಳೂ ಕೆಲವೇ ಹರಿದಾರಿಗಳೊಳಗೆ ದೊರೆಯುತ್ತವೆ.

ಮೊದಲು ಹೋಗಬೇಕಾದದ್ದು ರೇಷ್ಮೆನೂಲು ಬಿಚ್ಚುವ ಸ್ಥಳಕ್ಕೆ. ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯನ್ನು ಎಲ್ಲರೂ ಬಲ್ಲರು. ಅಲ್ಲಿ ಹರಾಜಾದ ಗೂಡು ಮುಂದೆ ಯಾರ ಕೈಗೆ ಹೋಗುತ್ತದೆ, ಆ ಕೈಯ ಗತಿಯೇನು ಎಂಬುದನ್ನು ಬಲ್ಲವರು ಕಡಮೆ. ಗೂಡಿನ ಎಳೆಗೆ ಸೆರಿಸಿನ್ ಎಂಬ ಅಂಟಿನ ಲೇಪವಿರುತ್ತದೆ. ಬಿಸಿನೀರಿನಲ್ಲಿ ಆ ಅಂಟು ಮೆತ್ತಗಾದ ಹೊರತು ಎಳೆ ಬಿಡುವುದಿಲ್ಲ. ನೂರಾರು ಮೀಟರು ಉದ್ದದ ಈ ಎಳೆ ಎಷ್ಟು ಸಣ್ಣದೆಂದರೆ, ಹಲವು ಗೂಡುಗಳ ಎಳೆಗಳನ್ನು ಒಟ್ಟುಗೂಡಿಸಿದಾಗಲೇ ಒಂದು ನೂಲಾಗುವುದು. ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ತುದಿಯನ್ನು ಹುಡುಕಿ ಸೇರಿಸಬೇಕು, ತಪ್ಪಿದರೆ ನೂಲು ತೆಳುವಾಗುತ್ತದೆ. ಹೀಗೆ ಕೈ ನೀರಿನಲ್ಲಿಯೂ ಕಣ್ಣು ಎಳೆಯ ಮೇಲೂ ಇಡೀ ದಿನ ಇರಬೇಕಾದ ಕೆಲಸವಿದು.

ಹಳೆಯ ಚರಕದಲ್ಲಿ ಗೂಡು ಬೇಯುವ ಪಾತ್ರೆಯೂ ನೂಲು ಬಿಚ್ಚುವ ಪಾತ್ರೆಯೂ ಒಂದೇ. ಕುದಿಯುವ ಮಟ್ಟಕ್ಕೆ ಹತ್ತಿರವಾದ ನೀರಿನ ಮುಂದೆ ಒಬ್ಬರು ಕುಳಿತರೆ, ಇನ್ನೊಬ್ಬರು ಚಕ್ರವನ್ನು ತಿರುಗಿಸುವರು. ಒಲೆಯ ಹೊಗೆ, ನೀರಿನ ಹಬೆ, ಬೆಂದ ಹುಳುವಿನ ದುರ್ವಾಸನೆ ಇವು ಮೂರೂ ಮುಖಕ್ಕೆ ಹೊಡೆಯುತ್ತಿರುತ್ತವೆ. ಬೆರಳ ತುದಿಯ ಚರ್ಮ ನೆನೆದು ಬಿಳಿಚಿ ಸುಲಿಯುತ್ತದೆ. ಸುಲಿದ ಚರ್ಮಕ್ಕೆ ಸೋಂಕು ತಗುಲುವುದು ಸುಲಭ, ಕೆಲವರಿಗೆ ಉಬ್ಬಸವೂ ಬರುವುದುಂಟು. ಮುಂದೆ ಬಂದ ಕಾಟೇಜ್ ಬೇಸಿನ್ ಎಂಬ ಸಾಧನದಲ್ಲಿ ಬೇಯಿಸುವ ಕೆಲಸವನ್ನು ಬೇರೆ ಪಾತ್ರೆಗೆ ವರ್ಗಾಯಿಸಿ, ಬಿಚ್ಚುವ ಕೆಲಸವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಡೆಸಲಾಯಿತು. ಅನಂತರದ ಮಲ್ಟಿ-ಎಂಡ್ ಯಂತ್ರದಲ್ಲಿ ಒಬ್ಬ ಕೆಲಸಗಾರ್ತಿಯು ಏಕಕಾಲಕ್ಕೆ ನೋಡಿಕೊಳ್ಳಬೇಕಾದ ನೂಲುಗಳ ಸಂಖ್ಯೆ ಹೆಚ್ಚಿತು. ಇವೆಲ್ಲವನ್ನೂ ನೂಲಿನ ಗುಣಮಟ್ಟದ ಇತಿಹಾಸವೆಂದು ನಮ್ಮ ಪುಸ್ತಕಗಳು ಹೇಳುತ್ತವೆ. ಅದೇ ಘಟನೆಗಳನ್ನು ಕೈಯ ಇತಿಹಾಸವೆಂದು ಓದಿದರೆ ಬೇರೊಂದು ಚಿತ್ರ ಮೂಡುತ್ತದೆ. ಬೇಸಿನ್ನಿನಿಂದ ಬೆರಳಿಗೆ ಬಿಸಿಯ ಬಾಧೆ ತಗ್ಗಿತು. ಮಲ್ಟಿ-ಎಂಡಿನಿಂದ ನೂಲಿನ ದರ್ಜೆ ಏರಿತಾದರೂ ಕಾಲಿಗೆ ದಿನವಿಡೀ ನಿಲ್ಲುವ ಕೆಲಸವೂ ಕಣ್ಣಿಗೆ ಹೆಚ್ಚಿನ ಭಾರವೂ ಬಂದವು. ಒಂದು ಅಂಗದ ಹೊರೆ ಇನ್ನೊಂದಕ್ಕೆ ದಾಟುವುದನ್ನು ಕಂಡುಹಿಡಿಯುವುದೇ ಶ್ರಮಶಾಸ್ತ್ರದ ಮುಖ್ಯ ಕೆಲಸವೆನ್ನಬಹುದು.

ಹುಳು ಸಾಕುವ ಮನೆಯಲ್ಲಿ ನಡೆದ ಬದಲಾವಣೆಯೂ ಗಮನಾರ್ಹ. ಹಿಂದೆ ಬಿದಿರಿನ ತಟ್ಟೆಗಳನ್ನು ಎತ್ತರದ ಸ್ಟ್ಯಾಂಡಿನಲ್ಲಿ ಸಾಲಾಗಿ ಜೋಡಿಸಿ, ಸೊಪ್ಪು ಹಾಕುವಾಗಲೆಲ್ಲ ಒಂದೊಂದನ್ನೂ ಇಳಿಸಿ ಏರಿಸಬೇಕಾಗಿತ್ತು. ಹಿಪ್ಪುನೇರಳೆಯ ರೆಂಬೆಗಳನ್ನೇ ಕಡಿದು ತಂದು ಅಗಲವಾದ ಅಟ್ಟಣೆಯ ಮೇಲೆ ಹರಡುವ ಪದ್ಧತಿ ಬಂದಮೇಲೆ ಆ ಏರಿಳಿತ ಬಹುಮಟ್ಟಿಗೆ ತಪ್ಪಿತು. ಸಾಕಣೆಮನೆಯ ಈ ಕೆಲಸದಲ್ಲಿ ಹೆಚ್ಚು ಭಾಗ ಹೆಂಗಸರದೇ ಆಗಿರುವುದರಿಂದ, ಈ ಸುಧಾರಣೆಯ ನಿಜವಾದ ಅಳತೆಯನ್ನು ಅವರ ಬೆನ್ನು, ಹೆಗಲುಗಳನ್ನು ವಿಚಾರಿಸಿ ತಿಳಿಯಬೇಕು.

ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅವುಗಳ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಪರದೇಶದ ಪಠ್ಯಪುಸ್ತಕವನ್ನು ಸ್ವಲ್ಪ ಬದಿಗಿಡಬೇಕಾದೀತು. ಆ ಪುಸ್ತಕಗಳು ಕುರ್ಚಿ, ಮೇಜುಗಳನ್ನು ಮೊದಲೇ ಊಹಿಸಿಕೊಂಡಿರುತ್ತವೆ. ಕಮಾನಿನ ತಿರುಗಣೆಯ ಮುಂದೆ ನೆಲದ ಮೇಲೆ ಕುಳಿತ ಕುಶಲಕರ್ಮಿಯು ಒಂದು ಕೈಯಿಂದ ಕಮಾನನ್ನು ಎಳೆಯುತ್ತ ಇನ್ನೊಂದು ಕೈಯಿಂದ ಉಳಿಯನ್ನು ಹಿಡಿಯುವಾಗ, ಕಾಲ್ಬೆರಳೂ ಉಳಿಗೆ ಆಸರೆಯಾಗಿ ಮೂರನೆಯ ಕೈಯಂತೆ ದುಡಿಯುತ್ತದೆ. ಕಮಾನು ಹಿಂದಕ್ಕೂ ಮುಂದಕ್ಕೂ ಆಡುವುದರಿಂದ ಹಾಲೆ ಮರದ ತುಂಡು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಿರುಗುತ್ತದೆ, ಉಳಿಯು ಕಡಿಯುವುದು ಒಂದೇ ಸುತ್ತಿನಲ್ಲಿ. ವಿದ್ಯುತ್ತಿನ ಲೇತಿನಲ್ಲಿ ತುಂಡು ಒಂದೇ ದಿಕ್ಕಿಗೆ ಎಡೆಬಿಡದೆ ತಿರುಗುತ್ತದೆ, ಕೆಲಸವೂ ಬೇಗ ಸಾಗುತ್ತದೆ. ಆದರೆ ಮರದ ಪುಡಿ ಹೆಚ್ಚಿ ಗಾಳಿಯಲ್ಲಿ ನಿಲ್ಲುತ್ತದೆ, ಸದ್ದು ನಿಲ್ಲುವುದೇ ಇಲ್ಲ, ಮುಚ್ಚಳವಿಲ್ಲದ ಪಟ್ಟಿಗೆ ಬಟ್ಟೆ ಸಿಲುಕುವ ಭಯವೂ ಉಂಟು. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಿಕೆಯ ಬಿಸಿಯಿಂದಲೇ ಅರಗು ಕರಗಿ ಬಣ್ಣ ಹತ್ತುವುದು. ಆ ಒತ್ತಡವು ಕಡಮೆಯಾದರೆ ಬಣ್ಣ ಹಿಡಿಯದು. ಆದುದರಿಂದ ಮಣಿಕಟ್ಟಿನ ದಣಿವನ್ನು ತಗ್ಗಿಸಲು ಹೊರಡುವವನು ಮೊದಲು ಈ ಒತ್ತಡದ ಮರ್ಮವನ್ನು ಕಸುಬುದಾರನಿಂದಲೇ ಕಲಿಯಬೇಕು.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯನ್ನು ಕುರಿತು ಇಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಅಂಥ ಕಡೆ ಶ್ರಮಶಾಸ್ತ್ರವು ಯಂತ್ರದ ರಚನೆಯೊಳಗೇ ಸೇರಿಕೊಂಡಿರುತ್ತದೆ. ಆದರೂ ೨೦೨೦ರ ನವೆಂಬರಿನಲ್ಲಿ ಅಲ್ಲಿ ಮುಷ್ಕರ, ಬೀಗಮುದ್ರೆಗಳಾದಾಗ ಕಾರ್ಮಿಕರು ಮುಂದಿಟ್ಟ ದೂರುಗಳಲ್ಲಿ ಕೆಲಸದ ವೇಗವೂ ಒಂದಾಗಿತ್ತೆಂಬುದನ್ನು ನೆನೆಯಬೇಕು. ಎತ್ತರ, ಬೆಳಕು, ಆಸನಗಳನ್ನು ಸರಿಪಡಿಸಿದ ಮೇಲೂ ವೇಗವನ್ನು ಯಾರು ಗೊತ್ತುಮಾಡಬೇಕು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಈ ಪ್ರಶ್ನೆಗೆ ಒಂದು ಪೂರ್ವೇತಿಹಾಸವಿದೆ. ಟೇಲರನ ಪದ್ಧತಿಯಂತೆ ಸ್ಟಾಪ್‌ವಾಚ್ ಹಿಡಿದು ಕೆಲಸವನ್ನು ಅಳೆಯಲು ಹೊರಟಾಗ, ೧೯೧೧ರಲ್ಲಿ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದ ಕಾರ್ಮಿಕರು ಕೆಲಸ ಬಿಟ್ಟು ಹೊರನಡೆದರು. ಅಲ್ಲಿನ ಶಾಸನಸಭೆಯು ವಿಚಾರಣೆ ನಡೆಸಿ, ೧೯೧೫ರಲ್ಲಿ ಸರ್ಕಾರದ ಶಸ್ತ್ರಾಗಾರಗಳಲ್ಲಿ ಇಂಥ ಅಳತೆಗೆ ಹಣ ವ್ಯಯಮಾಡಕೂಡದೆಂದು ವಿಧಿಸಿತು. ತುಂಡುಗೂಲಿಗೆ ದುಡಿಯುವ ಶೆಡ್ಡಿನೊಳಕ್ಕೆ ಗಡಿಯಾರ ಹಿಡಿದ ವಿದ್ಯಾರ್ಥಿಯು ಕಾಲಿಟ್ಟರೆ ಅಲ್ಲಿಯವರು ಶಂಕಿಸುವುದು ಸಹಜ, ಆ ಶಂಕೆ ನ್ಯಾಯವಾದುದೂ ಹೌದು. ವೇಗದ ಲೆಕ್ಕ ಮಾಲೀಕನ ಕೈಸೇರಿ ಕೂಲಿಯ ದರ ಇಳಿದರೆ, ಅಳೆದವನ ಸದುದ್ದೇಶವು ಯಾರ ಉಪಯೋಗಕ್ಕೂ ಬಾರದು. ಆದುದರಿಂದ ಆರಂಭದಲ್ಲಿ ಗಡಿಯಾರವನ್ನು ಕಾಲೇಜಿನಲ್ಲಿಯೇ ಬಿಟ್ಟುಹೋಗುವುದು ಲೇಸು.

ಅಳತೆಗೆ ಟೇಪು, ಉಷ್ಣಮಾಪಕ, ಕಾಗದ ಸಾಕು. ಹಗುರವಾದ ಕೈಗೆಲಸಕ್ಕೆ ಕೆಲಸದ ಮಟ್ಟವು ಮೊಣಕೈಯಿಂದ ಸುಮಾರು ೫ರಿಂದ ೧೦ ಸೆಂಟಿಮೀಟರು ಕೆಳಗಿರಬೇಕೆಂಬುದು ಒಪ್ಪಿತವಾದ ಸೂತ್ರ. ಮೊಣಕೈ ಯಾರದು ಎಂಬುದು ಮುಂದಿನ ಪ್ರಶ್ನೆ. ಪರದೇಶದ ಪುರುಷರ ಅಳತೆಗೆ ಮಾಡಿದ ಬೆಂಚು ಕನಕಪುರದ ಹೆಣ್ಣುಮಗಳಿಗೆ ಹೊಂದುವುದಿಲ್ಲ. ಭಾರತೀಯರ ದೇಹಮಾನಗಳನ್ನು ಕುರಿತು ದೇಬಕುಮಾರ್ ಚಕ್ರವರ್ತಿಯವರ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ೧೯೯೭ರಲ್ಲಿ ಪ್ರಕಟಿಸಿದೆ. ವಿದ್ಯಾರ್ಥಿಗಳು ತಮ್ಮ ಅಳತೆಗಳನ್ನು ಅದರೊಡನೆ ಹೋಲಿಸಬಹುದು. ನೋವಿನ ವಿಚಾರಣೆಗೆ ಕಾರ್ಲೆಟ್ ಮತ್ತು ಬಿಷಪ್ ಎಂಬವರು ೧೯೭೬ರಲ್ಲಿ ಸೂಚಿಸಿದ ಕ್ರಮ ಅನುಕೂಲವಾದುದು. ಮೈಯ ನಕ್ಷೆಯೊಂದನ್ನು ತೋರಿಸಿ ಎಲ್ಲಿ, ಎಷ್ಟು ನೋವೆಂದು ಕೇಳುವುದಷ್ಟೆ. ಅಕ್ಷರ ಬಾರದವರೂ ಬೆರಳಿಟ್ಟು ತೋರಿಸಬಲ್ಲರು.

ಶ್ರಮಶಾಸ್ತ್ರದ ಮಿತಿಯನ್ನೂ ಹೇಳಬೇಕು. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಮಕ್ಕಳನ್ನು ಜೀತಕ್ಕಿಟ್ಟುಕೊಂಡು ದುಡಿಸುತ್ತಿದ್ದ ವಿಷಯವನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ೨೦೦೩ರ ವರದಿಯಲ್ಲಿ ದಾಖಲಿಸಿತು. ಮಗುವಿನ ಎತ್ತರಕ್ಕೆ ಚಕ್ರವನ್ನು ತಗ್ಗಿಸುವ ಸಲಹೆಯನ್ನು ಯಾವ ಶಾಸ್ತ್ರವೂ ಕೊಡಬಾರದು. ಅಲ್ಲಿ ಟೇಪನ್ನು ಮಡಿಸಿಟ್ಟು ಅಧಿಕಾರಿಗಳಿಗೆ ತಿಳಿಸುವುದೊಂದೇ ದಾರಿ.

ಇತಿಹಾಸದವನಾದ ನನಗೆ ಈ ಕೆಲಸದಲ್ಲಿ ಒಂದು ಸ್ವಾರ್ಥವೂ ಇದೆ. ಫ್ರಾನ್ಸಿಸ್ ಬುಕಾನನ್ ೧೮೦೦ರಲ್ಲಿ ಈ ಸೀಮೆಯನ್ನು ಸುತ್ತಿ, ಚನ್ನಪಟ್ಟಣದ ಗಾಜಿನ ಕೆಲಸವನ್ನೂ ಉಕ್ಕಿನ ತಂತಿಯನ್ನೂ ಮಾಗಡಿಯ ಕಡೆಯ ಕಬ್ಬಿಣದ ಕೆಲಸವನ್ನೂ ಕುರಿತು ಬರೆದನು. ಇಂಥ ದಾಖಲೆಗಳಲ್ಲಿ ಸರಕು, ಬೆಲೆ, ಕೂಲಿಗಳ ವಿವರ ಧಾರಾಳವಾಗಿ ಸಿಗುತ್ತದೆ. ದುಡಿದವರು ಹೇಗೆ ಕುಳಿತಿದ್ದರು, ದಿನದ ಕೊನೆಗೆ ಯಾವ ಅಂಗ ನೋಯುತ್ತಿತ್ತು ಎಂಬ ಮಾತು ವಿರಳ. ಚರಕವೂ ಕಮಾನಿನ ತಿರುಗಣೆಯೂ ವಿರಳವಾಗುತ್ತಿರುವ ಈ ಹೊತ್ತಿನಲ್ಲಿ ಅವುಗಳ ಮುಂದೆ ಕುಳಿತವರು ಇನ್ನೂ ನಮ್ಮ ನಡುವೆ ಇದ್ದಾರೆ. ಪಾತ್ರೆಯ ಅಂಚಿನ ಎತ್ತರ, ನೀರಿನ ಉಷ್ಣತೆ, ಕುಳಿತವರ ಮೊಣಕೈ ಮಟ್ಟ, ಒಂದು ಪಾಳಿಯಲ್ಲಿ ಎಷ್ಟು ಬಾರಿ ಎದ್ದರು ಎಂಬ ಲೆಕ್ಕ, ಅವರ ಮಾತಿನಲ್ಲಿಯೇ ನೋವಿನ ವರ್ಣನೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಬಹುದು. ವ್ಯಕ್ತಿಯ ಹೆಸರಿಲ್ಲದೆ, ಊರು ಮತ್ತು ವರ್ಷವನ್ನು ನಮೂದಿಸಿದ ಒಂದು ಪ್ರತಿ ವಿಭಾಗದಲ್ಲಿರಲಿ. ಇನ್ನೊಂದನ್ನು ಅಳೆಯಿಸಿಕೊಂಡವರ ಕೈಯಲ್ಲಿಯೇ, ಕನ್ನಡದಲ್ಲಿ, ಓದಿ ಹೇಳಿದ ಮೇಲೆ ಕೊಟ್ಟುಬರಬೇಕು.