ತೂತಿಲ್ಲದ ಪಿಸ್ತೂಲು

ಎಂ.ಎಸ್. ಮುಗಿಸಿ ಅಮೆರಿಕದ ಪೆನ್ಸಿಲ್ವೇನಿಯಾದ ಸಣ್ಣ ಊರೊಂದರಲ್ಲಿ ಕೆಲಸ ಹುಡುಕುತ್ತಿದ್ದ ದಿನಗಳವು. ಓದು ಮುಗಿಸಿದ ವಿದೇಶಿ ವಿದ್ಯಾರ್ಥಿ ಅಲ್ಲಿ ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ. ನನ್ನ ಲೆಕ್ಕದಲ್ಲಿ ಆಗಲೇ 52 ಕಳೆದಿದ್ದವು. ಬೆಳಿಗ್ಗೆ ಅರ್ಜಿ ಹಾಕುವುದು, ಸಂಜೆ ‘ವಿಷಾದಿಸುತ್ತೇವೆ’ ಎಂಬ ಇ–ಮೇಲ್ ಓದುವುದು. ಇಷ್ಟೇ ದಿನಚರಿ.

ನಾನು ಬಾಡಿಗೆಗಿದ್ದ ಮನೆಯ ಓನರ್, ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಅಜ್ಜ. ಪ್ರತಿ ಶನಿವಾರ ಅವರು ಊರಾಚೆಯ ಕ್ಲಬ್ಬಿಗೆ ಹೋಗಿ ಹಳೇ ಕಾಲದ ಕೋವಿಯಲ್ಲಿ ಗುರಿ ಹೊಡೆಯುವವರು. ಆ ಸೀಮೆಗೆ ಅದು ಹೊಸತಲ್ಲ. ಹದಿನೆಂಟನೇ ಶತಮಾನದಲ್ಲಿ ಜರ್ಮನಿಯಿಂದ ಬಂದು ನೆಲೆಸಿದ ಕಮ್ಮಾರರು ಉದ್ದ ನಳಿಗೆಯ ಕೋವಿಗಳನ್ನು ಮಾಡಿದ ನಾಡದು. 1974ರಿಂದ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕೋವಿಯಲ್ಲಿ ಜಿಂಕೆ ಬೇಟೆಯಾಡುವ ಋತುವನ್ನೂ ಆ ರಾಜ್ಯ ನಡೆಸಿಕೊಂಡು ಬಂದಿದೆ.

ಅಜ್ಜನಿಗೆ ಒಂದು ಫ್ಲಿಂಟ್‌ಲಾಕ್ ಪಿಸ್ತೂಲು ಬೇಕಿತ್ತು. ಗೋಡೆಗೆ ತೂಗುಹಾಕಲು ಅಲ್ಲ, ವಾರ ವಾರ ಹೊಡೆಯಲು. ಅಸಲಿ ಪುರಾತನ ಪಿಸ್ತೂಲಿಗೆ ಕೈಹಾಕುವಂತಿರಲಿಲ್ಲ, ಬೆಲೆ ಹಾಗಿತ್ತು. ಹೊಸದಾಗಿ ಮಾಡಿದ ಪ್ರತಿಕೃತಿಯೇ ಗತಿ. ಪಿಂಚಣಿ ಹಣ ಲೆಕ್ಕದ್ದು. ‘ನೀನು ಕಂಪ್ಯೂಟರ್‌ ಮುಂದೆ ಕೂತೇ ಇರುತ್ತೀಯಲ್ಲ, ಅಗ್ಗದ್ದು ಒಂದು ಹುಡುಕಿಕೊಡು’ ಎಂದರು.

ಮಲೆನಾಡಿನವನಾದ ನನಗೆ ಕೋವಿ ಅಪರಿಚಿತವೇನಲ್ಲ. ನಮ್ಮಜ್ಜನ ಬಳಿ ತೋಟ ಕಾಯುವ ಕೇಪಿನ ಕೋವಿ ಇತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಮಕ್ಕಳು ಅದರ ಹತ್ತಿರ ಸುಳಿದರೆ ಬೆನ್ನಿಗೆ ಬೀಳುತ್ತಿತ್ತು. ಅಜ್ಜನ ಕೋವಿಯಲ್ಲಿ ಕೇಪು ಸಿಡಿದು ಮದ್ದಿಗೆ ಬೆಂಕಿ ತಗಲುತ್ತಿತ್ತು. ಫ್ಲಿಂಟ್‌ಲಾಕ್ ಅದಕ್ಕಿಂತ ಹಳೆಯದು. ಕುದುರೆಯ ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಎದುರಿನ ಉಕ್ಕಿನ ಫಲಕವನ್ನು ಕೆರೆದು ಕಿಡಿ ಹಾರಿಸುತ್ತದೆ. ಕಿಡಿ ಕೆಳಗಿನ ಪುಟ್ಟ ಬಟ್ಟಲಿನ ನುಣ್ಣನೆಯ ಮದ್ದಿಗೆ ಬೀಳುತ್ತದೆ. ಆ ಉರಿ ನಳಿಗೆಯ ಪಕ್ಕದ ಸಣ್ಣ ತೂತಿನಿಂದ ಒಳಗೆ ನುಗ್ಗಿ ಒಳಗಿನ ಮದ್ದನ್ನು ಹೊತ್ತಿಸುತ್ತದೆ.

ಹುಡುಕುತ್ತಾ ಹೋದಾಗ ಒಂದು ಕಡೆ ಕಣ್ಣು ನಿಂತಿತು. ಇಟಲಿಯ ಪಿಸ್ತೂಲಿನ ಅರ್ಧ ಬೆಲೆಗೆ, 280 ಡಾಲರ್‌ಗೆ, ಹಿತ್ತಾಳೆ ಕಟ್ಟಿನ ಚೆಂದದ ಪಿಸ್ತೂಲು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಭಾರತದಲ್ಲಿ ತಯಾರಾದದ್ದು’ ಎಂದಿತ್ತು. ಎದೆ ಉಬ್ಬಿತು. ಟಿಪ್ಪುವಿನ ಕಾಲಕ್ಕೇ ಶ್ರೀರಂಗಪಟ್ಟಣದಲ್ಲಿ ಇಂಥ ಪಿಸ್ತೂಲು ಮಾಡುತ್ತಿದ್ದೆವು ಎಂದು ಅಜ್ಜನಿಗೆ ಭಾಷಣವನ್ನೇ ಬಿಗಿದೆ. ಅವರು ನಕ್ಕು, ‘ಸರಿ, ನಿಮ್ಮೂರಿನದೇ ಬರಲಿ’ ಎಂದು ದುಡ್ಡು ಕಟ್ಟಿದರು.

ವಾರದಲ್ಲಿ ಪೆಟ್ಟಿಗೆ ಬಂತು. ಮರದ ಕೆಲಸ ನೋಡಿ ಅಜ್ಜ ಬೆರಗಾದರು. ಆಮೇಲೆ ನಳಿಗೆಯ ಪಕ್ಕ ಬೆರಳಾಡಿಸಿ ಸುಮ್ಮನಾದರು. ಅಲ್ಲಿ ತೂತೇ ಇರಲಿಲ್ಲ.

ಇಂಥ ಪ್ರತಿಕೃತಿಗಳಲ್ಲಿ ಬಹಳಷ್ಟನ್ನು ಕಿಡಿಯ ತೂತು ಕೊರೆಯದೆಯೇ ಮಾರುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ತೂತಿಲ್ಲದಿದ್ದರೆ ಅದು ಆಯುಧವಲ್ಲ, ಅಲಂಕಾರದ ವಸ್ತು. ಸಾಗಿಸುವುದೂ ಸುಲಭ, ಮಾರಿದವರ ಮೇಲೆ ಹೊಣೆಯೂ ಇಲ್ಲ. ಕೊಂಡವರೇ ಕೊರೆದುಕೊಳ್ಳುವುದುಂಟು.

ಅಜ್ಜ ನನ್ನತ್ತ ತಿರುಗಿದರು. ‘ನೀನು ಮೆಕ್ಯಾನಿಕಲ್ ಎಂಜಿನಿಯರ್ ಅಲ್ಲವೇ? ಗ್ಯಾರೇಜಿನಲ್ಲಿ ಡ್ರಿಲ್ಲಿಂಗ್ ಮೆಷಿನ್ ಇದೆ. ಒಂದು ತೂತು ತಾನೆ?’

ಸುಳ್ಳು ಹೇಳಲಾರೆ, ಆ ಮಾತು ನನಗೆ ಅಮೃತದಂತೆ ಕೇಳಿಸಿತು. ಎರಡು ತಿಂಗಳಲ್ಲಿ ನನ್ನನ್ನು ಎಂಜಿನಿಯರ್ ಎಂದು ಕರೆದ ಮೊದಲ ವ್ಯಕ್ತಿ ಅವರು. ತೂತಿನ ಅಗಲ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಸುಮಾರು 1.6 ಮಿಲಿಮೀಟರ್. ಐದು ನಿಮಿಷದ ಕೆಲಸ. ಕಡ್ಡಿ ಇಳಿಸಿ ಒಳಗಿನ ಆಳ ಅಳೆದೆ, ಹೊರಗಿನ ಉದ್ದ ಅಳೆದೆ, ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಬಿಟ್ ಕೂಡ ಜೋಡಿಸಿದೆ.

ಅಲ್ಲಿಗೆ ಕೈ ನಿಂತಿತು. ನಳಿಗೆಯ ಹಿಂಬದಿ ಮುಚ್ಚಿದ ಬಿರಡೆ ಮರೆ ಹಾಕಿ ತಿರುಗಿಸಿದ್ದೋ, ಬೆಸುಗೆ ಹಾಕಿದ್ದೋ ಹೊರಗಿನಿಂದ ಗೊತ್ತಾಗುತ್ತಿರಲಿಲ್ಲ. ನಳಿಗೆ ಯಾವ ಉಕ್ಕು? ಜೋಡಣೆ ಇದ್ದ ಕೊಳವೆಯೋ, ಇಲ್ಲದ್ದೋ? ಎಲ್ಲೂ ಬರೆದಿರಲಿಲ್ಲ. ಪಿಸ್ತೂಲಿಗೆ ಹಾಕುವುದು 30 ಗ್ರೇನ್ ಮದ್ದು ಎಂದಿಟ್ಟುಕೊಳ್ಳಿ, ಎರಡು ಗ್ರಾಂ ಕೂಡ ತುಂಬದು. ಆದರೆ ಅದು ಉರಿಯುವುದು ಮುಷ್ಟಿಯಿಂದ ಮೇಲೆ, ಮುಖದಿಂದ ಒಂದು ತೋಳಿನ ದೂರದಲ್ಲಿ.

ಇಟಲಿಯ ಗಾರ್ಡೋನೆಯಲ್ಲಿ ಸರ್ಕಾರ ಒಪ್ಪಿದ ಪರೀಕ್ಷಾಲಯವಿದೆ. ಲಂಡನ್, ಬರ್ಮಿಂಗ್‌ಹ್ಯಾಮ್‌ನಲ್ಲೂ ಇವೆ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ರಾಜನ ಸನ್ನದು ಸಿಕ್ಕಿದ್ದು 1637ರಲ್ಲಿ. ವಾಡಿಕೆಗಿಂತ ಹೆಚ್ಚು ಒತ್ತಡದ ಮದ್ದು ತುಂಬಿ ಹಾರಿಸುತ್ತಾರೆ. ನಳಿಗೆ ತಡೆದರೆ ಮುದ್ರೆ ಒತ್ತುತ್ತಾರೆ. ಅಮೆರಿಕದಲ್ಲಿ ಅಂಥ ಸರ್ಕಾರಿ ಕಡ್ಡಾಯವಿಲ್ಲ. ನಮ್ಮ ಪಿಸ್ತೂಲಿನ ಮೇಲೆ ಹೂಬಳ್ಳಿ ಇತ್ತು, ಮುದ್ರೆ ಇರಲಿಲ್ಲ.

ಮಾರಿದವರಿಗೆ ಇ–ಮೇಲ್ ಬರೆದೆವು. ‘ಇದು ಅಲಂಕಾರಿಕ ವಸ್ತು’ ಎಂಬ ಒಂದೇ ಸಾಲಿನ ಉತ್ತರ ಬಂತು. ಮದ್ದಿಲ್ಲದೆ ಬರೀ ಕುದುರೆ ಬೀಳಿಸಿ ನೋಡಿದೆವು. ಹತ್ತರಲ್ಲಿ ಮೂರು ಸಲ ಕಿಡಿ ಬಂತು. ಕಲ್ಲು ಕೆರೆಯುವ ಫಲಕಕ್ಕೆ ಸರಿಯಾದ ಹದ ಕೊಟ್ಟಿರಲಿಲ್ಲ, ಕಲ್ಲು ಅದರಲ್ಲಿ ಬರೀ ಗೀರು ಮೂಡಿಸುತ್ತಿತ್ತು.

ರಾತ್ರಿ ಅಡುಗೆಮನೆಯಲ್ಲಿ ಹೇಳಿದೆ: ‘ತೂತು ಕೊರೆಯಬಲ್ಲೆ. ಆದರೆ ನಳಿಗೆ ತಡೆಯುತ್ತದೆ ಎಂದು ಹೇಳಲಾರೆ. ತಪ್ಪು ನನ್ನದು, ಅರ್ಧ ಹಣ ನಾನು ಕೊಡುತ್ತೇನೆ.’ ನನ್ನ ಖಾತೆಯಲ್ಲಿ ಎಷ್ಟಿದೆ ಎಂದು ಅವರಿಗೆ ಗೊತ್ತಿತ್ತು. ತುಸು ಹೊತ್ತು ಕಾಫಿ ಕಲಕುತ್ತಾ ಕುಳಿತರು. ‘ನಲವತ್ತು ವರ್ಷ ಕಾರ್ಖಾನೆಯಲ್ಲಿದ್ದೆ. ಗೊತ್ತಿಲ್ಲ ಅನ್ನುವ ಎಂಜಿನಿಯರುಗಳನ್ನು ಕಂಡದ್ದು ಕಡಿಮೆ. ಹಣ ಬೇಡ, ಶನಿವಾರ ಕೋವಿ ತೊಳೆಯಲು ಬಾ’ ಎಂದರು.

ಕ್ಲಬ್ಬಿನ ಗೆಳೆಯರೊಬ್ಬರು ಬಳಸಿದ ಇಟಲಿ ಪಿಸ್ತೂಲನ್ನು ಮೂರು ಕಂತಿನಲ್ಲಿ ಕೊಟ್ಟರು. ಹಿಡಿಕೆ ಸವೆದಿತ್ತು, ನಳಿಗೆಯ ಮೇಲೆ ಗಾರ್ಡೋನೆಯ ಮುದ್ರೆ ಸ್ಪಷ್ಟವಾಗಿತ್ತು. ಒಂದು ಸ್ಪ್ರಿಂಗ್ ಮುರಿದರೆ ಅದೇ ಅಳತೆಯದು ಅಂಚೆಯಲ್ಲಿ ಬರುತ್ತದೆ ಎಂಬುದು ಇನ್ನೊಂದು ಲಾಭ. ವರ್ಷಕ್ಕೊಮ್ಮೆ ಹೊಡೆಯುವವರಿಗೆ ಬೆಲೆ ಮುಖ್ಯವಾದೀತು. ವಾರಕ್ಕೆ ಇಪ್ಪತ್ತು ಗುಂಡು ಹೊಡೆಯುವವರಿಗೆ ಬಿಡಿಭಾಗ ಮುಖ್ಯ.

ವೀಸಾದ ಮೇಲಿದ್ದ ನಾನು ಗೊಡವೆ ಬೇಡವೆಂದು ಗುಂಡು ಹಾರಿಸಲಿಲ್ಲ. ಅಜ್ಜ ಹಾರಿಸಿದರು. ‘ಚಟ್’ ಎಂದಿತು, ಬಟ್ಟಲು ಬೆಳಗಿತು, ಒಂದು ರೆಪ್ಪೆ ಬಡಿಯುವಷ್ಟು ತಡೆದು ‘ಢಂ’. ಬಿಳಿ ಹೊಗೆ, ಗಂಧಕದ ವಾಸನೆ, ಹೊಗೆಯೊಳಗಿಂದ ಅಜ್ಜನ ನಗು. ಬಳಿಕ ನನ್ನ ಪಾಳಿ. ಕಪ್ಪು ಮದ್ದಿನ ಮಸಿ ಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ಬಿಸಿನೀರು, ಸೋಪು, ಒಣಬಟ್ಟೆ, ಎಣ್ಣೆ. ನಮ್ಮಜ್ಜ ಅಂಗಳದಲ್ಲಿ ಮಾಡುತ್ತಿದ್ದುದೂ ಇದನ್ನೇ.

74ನೇ ದಿನ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂತು. ‘ನಕ್ಷೆಯಲ್ಲಿ ಲೋಹ ಯಾವುದೆಂದು ಬರೆದಿರದಿದ್ದರೆ ಏನು ಮಾಡುತ್ತೀರಿ?’ ಎಂದು ಕೇಳಿದರು. ಹಿಂದಿನ ಸಂದರ್ಶನಗಳಲ್ಲಾಗಿದ್ದರೆ ಪುಸ್ತಕದ ಉತ್ತರ ಒಪ್ಪಿಸುತ್ತಿದ್ದೆ. ಈ ಸಲ ಪಿಸ್ತೂಲಿನ ಕತೆ ಹೇಳಿದೆ. ಅದರಿಂದಲೇ ಕೆಲಸ ಸಿಕ್ಕಿತು ಎನ್ನಲಾರೆ. ಆದರೆ 83ನೇ ದಿನ ಕೆಲಸಕ್ಕೆ ಸೇರಿದೆ.

ಆ ಭಾರತದ ಪಿಸ್ತೂಲು ಈಗಲೂ ಅಜ್ಜನ ಗೋಡೆಯ ಮೇಲಿದೆ. ಅದನ್ನು ಮಾಡಿದ ಕುಶಲಕರ್ಮಿಯ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಅಲಂಕಾರದ ವಸ್ತು ಬೇಕೆಂದರು, ಅವನು ಅದನ್ನೇ ಸೊಗಸಾಗಿ ಮಾಡಿದ. ಅದರಿಂದ ಬೇರೆ ಕೆಲಸ ಬಯಸಿದವನು ನಾನು. ನಳಿಗೆಯ ಮೇಲೆ ನನ್ನ ಪೆನ್ಸಿಲ್ ಗುರುತು ಇನ್ನೂ ಇದೆಯಂತೆ. ಅಳಿಸಬೇಡಿ ಎಂದು ಹೇಳಿದ್ದೇನೆ.