ಬೆಂಕಿಯಲ್ಲಿ ಕಬ್ಬಿಣ ತಿನ್ನುವ ಉಪ್ಪು



ಉಪ್ಪು, ನೀರು ಎರಡೂ ಸೋಕಿದರೆ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಇದು ನಿಮಗೆಲ್ಲ ಗೊತ್ತಿದ್ದದ್ದೇ. ಆದರೆ ನೀರಿನ ಪಸೆಯೇ ಇಲ್ಲದ ಉರಿಯ ನಡುವೆಯೂ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ ಅಂದರೆ ನಂಬುತ್ತೀರಾ?

"ಒಲೆಗೆ ನಾವು ಉಪ್ಪು ಹಾಕೋದಿಲ್ಲವಲ್ಲ" ಅನ್ನಬಹುದು. ಕಬ್ಬಿನ ತರಗಿನ ಜೊತೆಗೇ ಅದು ಒಲೆ ಸೇರುತ್ತದೆ. ಪೈರು ಮಣ್ಣಿನಿಂದ ಪೊಟ್ಯಾಷನ್ನೂ ಕ್ಲೋರಿನ್ನನ್ನೂ ಹೀರುತ್ತದೆ. ನಾವು ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ ಇವೆರಡೂ ಕೂಡಿದ ಉಪ್ಪೇ. ತರಗು ಉರಿದಾಗ ಈ ಉಪ್ಪು ಆವಿಯಾಗಿ ಎದ್ದು, ಬೂದಿಯ ಜೊತೆ ಕಬ್ಬಿಣದ ಮೇಲೆ ಕೂರುತ್ತದೆ.

ಆಮೇಲೆ ಏನಾಗುತ್ತದೆ, ನೋಡಿ. ಕಾದ ಕಬ್ಬಿಣದ ಮೇಲೆ ಗಾಳಿಯ ಆಮ್ಲಜನಕದಿಂದ ತೆಳು ಪೊರೆಯೊಂದು ಕಟ್ಟುತ್ತದೆ. ಮರಕ್ಕೆ ತೊಗಟೆ ಇದ್ದ ಹಾಗೆ, ಲೋಹಕ್ಕೆ ಅದೇ ಕಾವಲು. ಉಕ್ಕಿಗೆ ಕ್ರೋಮಿಯಂ ಬೆರೆಸುವುದೂ ಈ ಪೊರೆ ಗಟ್ಟಿಯಾಗಲಿ ಎಂದೇ. ಉಪ್ಪು ಈ ಪೊರೆಯನ್ನೇ ಕೆಡಿಸುತ್ತದೆ. ಒಳಹೊಕ್ಕ ಕ್ಲೋರಿನ್ ಕಬ್ಬಿಣದೊಡನೆ ಸೇರಿ ಆವಿಯಾಗಿ ಹೊರಬರುತ್ತದೆ. ಹೊರಗೆ ಆಮ್ಲಜನಕ ಸಿಕ್ಕಿದೊಡನೆ ಕಬ್ಬಿಣವನ್ನು ಪುಡಿತುಕ್ಕಾಗಿ ಬಿಟ್ಟು ಮತ್ತೆ ಒಳಗೆ ಹೋಗುತ್ತದೆ. ಹೀಗೆ ಒಂದೇ ಕಳ್ಳ ಮತ್ತೆ ಮತ್ತೆ ಕನ್ನ ಹಾಕುತ್ತಾನೆ. ಈ ಉಪ್ಪು ತಾನಾಗಿ ಕರಗುವುದು 770 ಡಿಗ್ರಿ ಸೆಂಟಿಗ್ರೇಡಿಗೆ. ಬೇರೆ ಲವಣ ಬೆರೆತರೆ ಅದಕ್ಕಿಂತ ಬಹಳ ಕಡಿಮೆ ಶಾಖಕ್ಕೇ ಕರಗಿ, ಸವೆತ ಇನ್ನೂ ಬೇಗ ಸಾಗುತ್ತದೆ.

ಆಲೆಮನೆಯ ಕೊಪ್ಪರಿಗೆ ಮಾತ್ರ ಹೀಗೆ ಸವೆಯದು. ಒಳಗಿನ ಕುದಿಯುವ ಹಾಲು ಅದನ್ನು ತಣ್ಣಗಿಡುತ್ತದೆ. ಕೆಂಪಗೆ ಕಾಯುವ ಒಲೆಯ ಸರಳಿಗೆ ಆ ಭಾಗ್ಯವಿಲ್ಲ. ವಿದ್ಯುತ್ ತಯಾರಿಸುವ ಬಾಯ್ಲರುಗಳಲ್ಲಿ ಹಬೆಯನ್ನು ಹೆಚ್ಚು ಕಾಯಿಸುವ ಕೊಳವೆಗಳದೂ ಇದೇ ಪಾಡು. ಕೊಳವೆ ತೆಳುವಾಗಿ ಒಡೆದರೆ ಕಾರ್ಖಾನೆ ನಿಲ್ಲುತ್ತದೆ; ನಮ್ಮ ಕಬ್ಬೂ ಗಾಡಿಯಲ್ಲೇ ಒಣಗುತ್ತದೆ. ಕಬ್ಬಿನ ಸಿಪ್ಪೆಯಿಂದ ಈ ಕಾಟ ಕಡಿಮೆ, ಏಕೆಂದರೆ ಅರೆಯುವಾಗಲೇ ಉಪ್ಪಿನ ಬಹುಭಾಗ ರಸದೊಡನೆ ಹೋಗಿರುತ್ತದೆ.

ಡೆನ್ಮಾರ್ಕ್ ದೇಶದಲ್ಲಿ ಗೋಧಿ, ಬಾರ್ಲಿ ಹುಲ್ಲನ್ನು ಸುಟ್ಟು ವಿದ್ಯುತ್ ಮಾಡುತ್ತಾರೆ. ಕೊಯ್ದ ಹುಲ್ಲು ಹೊಲದಲ್ಲೇ ಮಳೆಗೆ ನೆನೆದು ಬೂದು ಬಣ್ಣಕ್ಕೆ ತಿರುಗಿದರೆ, ಹಳದಿ ಹುಲ್ಲಿಗಿಂತ ಅದು ಬಾಯ್ಲರಿಗೆ ಒಳ್ಳೆಯದೆಂದು ಅವರು ಕಂಡುಕೊಂಡಿದ್ದಾರೆ. ಮಳೆ ಉಪ್ಪನ್ನು ತೊಳೆದುಬಿಡುತ್ತದೆ. ಪೊಟ್ಯಾಷ್ ಮಣ್ಣಿಗೇ ಮರಳುತ್ತದೆ.

ನೀವು ಮಾಡಬೇಕಾದದ್ದು ಇಷ್ಟೆ. ಉರುವಲಿಗೆ ಸಿಪ್ಪೆಯೇ ಮೊದಲಿರಲಿ. ತರಗನ್ನು ಉರಿಸಲೇಬೇಕಾದರೆ ಒಂದೆರಡು ಮಳೆ ಕಂಡು ಚೆನ್ನಾಗಿ ಒಣಗಿದ್ದನ್ನು ಹಾಕಿ. ಪಿ.ವಿ.ಸಿ. ಪೈಪಿನ ತುಂಡು ಎಂದಿಗೂ ಬೇಡ. ಅದರಲ್ಲಿ ಕ್ಲೋರಿನ್ ಬಹಳ, ಹೊಗೆಯೂ ವಿಷ. ಸರಳಿಗೆ ಅಂಟಿದ ಬೂದಿಯನ್ನು ಒಲೆ ಆರಿದ ಮೇಲೆ ಕೆರೆದು ತೆಗೆಯಿರಿ. ಶುದ್ಧವಾದ ತರಗಿನ ಬೂದಿಯನ್ನು ಹೊಲಕ್ಕೆ ಚೆಲ್ಲಿ. ಒಲೆಯಲ್ಲಿ ಕಬ್ಬಿಣ ತಿನ್ನುವ ಪೊಟ್ಯಾಷ್, ಹೊಲದಲ್ಲಿ ಪೈರಿಗೆ ಆಹಾರ.