ನೇರ ಚಿತ್ರ, ನೇರ ಮಾತು: ಬೆಳೆಗಾರರು ತಿಳಿದಿರಬೇಕಾದ ಸಂಗತಿ

ಎಲೆಯಲ್ಲಿ ಚುಕ್ಕೆ ಕಂಡರೆ ಮೊಬೈಲಿನ ಮೂಲಕ ತಜ್ಞರಿಗೆ ತೋರಿಸುವುದು, ಪೇಟೆಯಲ್ಲಿರುವ ಮಕ್ಕಳೊಡನೆ ಮುಖ ನೋಡಿ ಮಾತನಾಡುವುದು, ಸಭೆಯನ್ನು ಮನೆಯಲ್ಲೇ ಕುಳಿತು ನೋಡುವುದು ಇಂದು ತೋಟದ ಮನೆಗಳಲ್ಲಿ ಸಾಮಾನ್ಯವಾಗಿದೆ. ಇದರಿಂದ ಅನುಕೂಲ ಬಹಳ ಉಂಟು. ಆದರೆ ಈ ಚಿತ್ರ ಮತ್ತು ಧ್ವನಿ ಹೇಗೆ ಸಾಗಿ ಬರುತ್ತವೆ ಎಂಬುದನ್ನು ತಿಳಿಯದೆ ಬಳಸಿದರೆ, ರೋಗವನ್ನು ತಪ್ಪಾಗಿ ಗುರುತಿಸಿ, ಬೇಡದ ಔಷಧಿ ಹೊಡೆದು, ಹಣವನ್ನೂ ಹಂಗಾಮನ್ನೂ ಕಳೆದುಕೊಳ್ಳುವ ಸಂಭವವೂ ಉಂಟು.

ಕಾಫಿ ಪಾತ್ರೆಯ ಚಿತ್ರ

ಕಂಪ್ಯೂಟರ್ ಜಾಲದಲ್ಲಿ ಆಗಿಂದಾಗ್ಗೆ ಚಿತ್ರ ಕಳಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಒಂದು ಕಾಫಿಗೆ ಸಂಬಂಧಿಸಿದ್ದು ಎಂದರೆ ನಮ್ಮ ಸದಸ್ಯರಿಗೆ ಸಂತೋಷವಾದೀತು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಕಾಫಿ ಯಂತ್ರ. ದೂರದ ಕೊಠಡಿಗಳಿಂದ ಮೆಟ್ಟಿಲು ಇಳಿದು ಬಂದವರಿಗೆ ಬರಿದಾದ ಪಾತ್ರೆ ಕಾಣುತ್ತಿತ್ತು. ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಎಂಬ ಇಬ್ಬರು ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟು, ಅದರ ಚಿತ್ರ ಎಲ್ಲರ ಕಂಪ್ಯೂಟರಿನಲ್ಲೂ ಕಾಣುವಂತೆ ಮಾಡಿದರು. 1993ರಲ್ಲಿ ಇದು ಅಂತರಜಾಲಕ್ಕೂ ಬಂತು. 2001ರ ಆಗಸ್ಟ್‌ನಲ್ಲಿ ಕ್ಯಾಮೆರಾವನ್ನು ನಿಲ್ಲಿಸಲಾಯಿತು.

ಆ ಚಿತ್ರ ಬಲು ಚಿಕ್ಕದು, ಬಣ್ಣವಿಲ್ಲದ್ದು. ನಿಮಿಷಕ್ಕೆ ಸುಮಾರು ಮೂರು ಬಾರಿ ಮಾತ್ರ ಬದಲಾಗುತ್ತಿತ್ತು. ಆದರೂ ಕೆಲಸ ನಡೆಯಿತು. ಪಾತ್ರೆ ತುಂಬಿದೆಯೇ ಇಲ್ಲವೇ ಎಂದು ತಿಳಿಯಲು ಅಷ್ಟೇ ಸಾಕಿತ್ತು. ನಾವು ಗಮನಿಸಬೇಕಾದ ಅಂಶ ಇದೇ. ಯಾವ ಕೆಲಸಕ್ಕೆ ಎಂಥ ಚಿತ್ರ ಬೇಕು ಎಂಬುದನ್ನು ಮೊದಲು ನಿರ್ಧರಿಸಬೇಕು.

ತಡವಾಗಿ ಬಂದದ್ದು ಬಾರದ್ದಕ್ಕೆ ಸಮ

ಜಾಲದಲ್ಲಿ ಚಿತ್ರವಾಗಲಿ ಧ್ವನಿಯಾಗಲಿ ಒಂದೇ ಧಾರೆಯಾಗಿ ಹರಿಯುವುದಿಲ್ಲ. ಅದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಮಾಡಿ ಕಳಿಸಲಾಗುತ್ತದೆ. ಕೆಲವು ಬೇಗ ಬರುತ್ತವೆ, ಕೆಲವು ತಡವಾಗುತ್ತವೆ, ಕೆಲವು ದಾರಿಯಲ್ಲೇ ಕಳೆದುಹೋಗುತ್ತವೆ. ಪತ್ರ ಅಥವಾ ಫೋಟೋ ಆದರೆ ಕಳೆದ ಪೊಟ್ಟಣವನ್ನು ಮತ್ತೆ ತರಿಸಿಕೊಳ್ಳಬಹುದು. ಮಾತಿನಲ್ಲಿ ಹಾಗಲ್ಲ. ಮುಂದಿನ ವಾಕ್ಯ ಮುಗಿದ ಮೇಲೆ ಹಿಂದಿನ ಪದ ಬಂದರೆ ಏನು ಪ್ರಯೋಜನ? ಆದ್ದರಿಂದ ಪ್ರತಿ ಪೊಟ್ಟಣದ ಮೇಲೂ ಕ್ರಮಸಂಖ್ಯೆ ಮತ್ತು ಸಮಯದ ಗುರುತು ಹಾಕುವ ಆರ್‌ಟಿಪಿ ಎಂಬ ನಿಯಮಾವಳಿ 1996ರಲ್ಲಿ ಪ್ರಕಟವಾಯಿತು. ಬಂದವುಗಳನ್ನು ಸರದಿಯಲ್ಲಿ ಜೋಡಿಸಿ, ಹೊತ್ತು ಮೀರಿದವನ್ನು ಕೈಬಿಡುವುದು ಇದರಿಂದ ಸಾಧ್ಯವಾಯಿತು.

ಬರುವ ಪೊಟ್ಟಣಗಳನ್ನು ತುಸು ಹೊತ್ತು ಕೂಡಿಡುವ ಜಾಗಕ್ಕೆ ಬಫರ್ ಎನ್ನುತ್ತಾರೆ. ಇದು ನಮ್ಮ ತೋಟದ ನೀರಿನ ತೊಟ್ಟಿಯಂತೆ. ಮೇಲಿನಿಂದ ನೀರು ಬಿಟ್ಟುಬಿಟ್ಟು ಬಂದರೂ ಕೆಳಗೆ ಒಂದೇ ಸಮನೆ ಹರಿಯುತ್ತದೆ. ತೊಟ್ಟಿ ದೊಡ್ಡದಾದಷ್ಟೂ ತಡೆ ಕಡಿಮೆ, ವಿಳಂಬ ಹೆಚ್ಚು. ಇಬ್ಬರು ಮಾತನಾಡುವಾಗ ಒಂದು ಕಡೆಗೆ 0.15 ಸೆಕೆಂಡಿನೊಳಗೆ ಧ್ವನಿ ತಲಪಿದರೆ ತೊಂದರೆ ಅನಿಸುವುದಿಲ್ಲ. ಆದ್ದರಿಂದ ಅಲ್ಲಿ ತೊಟ್ಟಿ ಬಹಳ ಚಿಕ್ಕದು. ಸಾವಿರಾರು ಜನ ನೋಡುವ ನೇರ ಪ್ರಸಾರದಲ್ಲಿ ಚಿತ್ರವನ್ನು ಹಲವು ಸೆಕೆಂಡುಗಳ ತುಂಡುಗಳಾಗಿ ಕೂಡಿಟ್ಟು ತೋರಿಸುವ ಕ್ರಮವುಂಟು. ಅಲ್ಲಿ ಕಾಣುವುದು ಹತ್ತಿಪ್ಪತ್ತು ಸೆಕೆಂಡು ಹಿಂದಿನ ಸಂಗತಿಯಾಗಿರಬಹುದು. ಹರಾಜನ್ನು ಅಂಥ ಪ್ರಸಾರದಲ್ಲಿ ನೋಡುತ್ತಾ ಫೋನಿನಲ್ಲಿ ಬೆಲೆ ಹೇಳಲು ಹೊರಟರೆ ಅಷ್ಟರಲ್ಲಿ ವ್ಯಾಪಾರ ಮುಗಿದಿರುತ್ತದೆ.

ಚಿತ್ರದ ಭಾರ

ಅಗಲ 640, ಎತ್ತರ 480 ಬಿಂದುಗಳ ಸಾಧಾರಣ ಬಣ್ಣದ ಚಿತ್ರವನ್ನು ಸೆಕೆಂಡಿಗೆ 25ರಂತೆ ಇದ್ದ ಹಾಗೇ ಕಳಿಸಿದರೆ ಸೆಕೆಂಡಿಗೆ 2 ಕೋಟಿ 30 ಲಕ್ಷ ಬೈಟ್ ಆಗುತ್ತದೆ. ಇಷ್ಟನ್ನು ನಮ್ಮ ಹಳ್ಳಿಯ ಜಾಲ ಹೊರಲಾರದು. ಆದ್ದರಿಂದ ಅದನ್ನು ಒಂದು ಲಕ್ಷ ಬೈಟಿನ ಆಸುಪಾಸಿಗೆ ಕುಗ್ಗಿಸುತ್ತಾರೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕಳಿಸಿ, ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತಾರೆ. ಸಿಗ್ನಲ್ ಕ್ಷೀಣಿಸಿದಷ್ಟೂ ವಿವರಗಳು ಇನ್ನಷ್ಟು ಹೋಗುತ್ತವೆ. ಗಾಳಿಗೆ ಅಡಿಕೆ ಸೋಗೆ ಅಲ್ಲಾಡುತ್ತಿದ್ದರಂತೂ ಚಿತ್ರವಿಡೀ ಬದಲಾಗುತ್ತಿರುವುದರಿಂದ ಮತ್ತೂ ಮಸುಕು.

ಮುಖ ನೋಡಿ ಮಾತನಾಡಲು ಇದರಿಂದ ತೊಂದರೆಯಿಲ್ಲ. ಆದರೆ ರೋಗ ಪತ್ತೆ ಮಾಡುವುದು ಈ ಸೂಕ್ಷ್ಮ ವಿವರಗಳಿಂದಲೇ ಅಲ್ಲವೇ? ಎಲೆಚುಕ್ಕಿ ರೋಗದ ಚುಕ್ಕೆಯ ಹಳದಿ ಅಂಚು, ಕಾಫಿ ಎಲೆಯ ಅಡಿಯ ತುಕ್ಕಿನ ಪುಡಿ ಇವೇ ಮಸುಕಾದರೆ ಎಂಥ ತಜ್ಞರೂ ಊಹೆಯ ಮೇಲೆ ಹೇಳಬೇಕಾಗುತ್ತದೆ.

ನಾವು ಅನುಸರಿಸಬೇಕಾದ ಕ್ರಮ

1. ರೋಗ ತೋರಿಸಲು ನೇರ ವೀಡಿಯೋವನ್ನೇ ನೆಚ್ಚಬೇಡಿ. ಎಲೆಯನ್ನು ಕಿತ್ತು, ಒಳ್ಳೆಯ ಬೆಳಕಿನಲ್ಲಿ ಅಲುಗದಂತೆ ಇಟ್ಟು, ಮೇಲ್ಭಾಗ, ಅಡಿಭಾಗ ಮತ್ತು ಇಡೀ ಗಿಡದ ಫೋಟೋ ತೆಗೆದು ಕಳಿಸಿ. ವಾಟ್ಸಾಪಿನಲ್ಲಾದರೆ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಫೋಟೋ ಕುಗ್ಗುವುದಿಲ್ಲ.

2. ಫೋಟೋ ತಲಪಿದ ಮೇಲೆ ಮಾತನಾಡಿ. ಎಷ್ಟು ದಿನದಿಂದ ಇದೆ, ಮಳೆ ಎಷ್ಟು, ಏನು ಹೊಡೆದಿದ್ದೀರಿ ಎಂಬ ಪ್ರಶ್ನೋತ್ತರಕ್ಕೆ ಧ್ವನಿಯೇ ಸಾಕು.

3. ಮಾತು ಕಡಿದು ಕಡಿದು ಬಂದರೆ ಚಿತ್ರವನ್ನು ನಿಲ್ಲಿಸಿ. ಸೆಕೆಂಡಿಗೆ ಒಂದು ಲಕ್ಷ ಬೈಟಿನಂತೆ ಒಂದು ಗಂಟೆಯ ಚಿತ್ರಕ್ಕೆ 360 ಎಂಬಿ ಆಗುತ್ತದೆ. ಧ್ವನಿಗೆ ಸೆಕೆಂಡಿಗೆ 3000 ಬೈಟ್ ಎಂದು ಹಿಡಿದರೆ 11 ಎಂಬಿ ಸಾಕು.

4. ನಿಮಗೆ ಚಿತ್ರ ಚೆನ್ನಾಗಿ ಕಾಣುತ್ತಿದೆ ಎಂದು ಅತ್ತಲಿನವರಿಗೂ ಹಾಗೇ ಕಾಣುತ್ತಿದೆ ಎಂದು ತಿಳಿಯಬೇಡಿ. ಮೊಬೈಲಿನಲ್ಲಿ ತರಿಸುವ ವೇಗಕ್ಕಿಂತ ಕಳಿಸುವ ವೇಗ ಸಾಮಾನ್ಯವಾಗಿ ಕಡಿಮೆ. "ಸ್ಪಷ್ಟವಾಗಿ ಕಾಣುತ್ತಿದೆಯೇ ಸಾರ್?" ಎಂದು ಕೇಳಿಕೊಳ್ಳುವುದು ಒಳ್ಳೆಯದು.

5. ಇಷ್ಟಾದರೂ ಸಂಶಯ ಉಳಿದರೆ ಔಷಧಿಯ ಡಬ್ಬಿ ಒಡೆಯುವ ಮೊದಲು ಎಲೆಯನ್ನೇ ಹಿಡಿದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಒಂದು ದಿನದ ಬಸ್ಸಿನ ಖರ್ಚು ತಪ್ಪು ಸಿಂಪಡಣೆಯ ನಷ್ಟಕ್ಕಿಂತ ಕಡಿಮೆಯೇ.